ಕಡಲಂಚಿನಲ್ಲಿ ಓಡುವ ಹಕ್ಕು

ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲೆ, ನೀಸ್ ಎಂಬ ನಗರವೂ ಅದರ ಪಶ್ಚಿಮಕ್ಕೆ ಕಾನ್ ಎಂಬ ನಗರವೂ ಇವೆ. ಕಾನ್ ನಗರದ ಹೆಸರನ್ನು ಚಲನಚಿತ್ರೋತ್ಸವದ ದೆಸೆಯಿಂದ ನಮ್ಮಲ್ಲಿ ಬಹುಮಂದಿ ಕೇಳಿಯೇ ಇರುತ್ತಾರೆ. ಈ ಎರಡು ಊರುಗಳ ನಡುವೆ ೨೦೦೮ರಲ್ಲಿ ಒಂದು ಮ್ಯಾರಥಾನ್ ಓಟ ಪ್ರಾರಂಭವಾಯಿತು. ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸಾವಿರಾರು ಜನ ನೀಸಿನಲ್ಲಿ ಹೊರಟು, ೪೨ ಕಿಲೋಮೀಟರ್ ೧೯೫ ಮೀಟರ್ ದೂರವನ್ನು, ಹೆಚ್ಚುಕಡಮೆ ಉದ್ದಕ್ಕೂ ಸಮುದ್ರವನ್ನು ಎಡಗಡೆಗೆ ಇಟ್ಟುಕೊಂಡು ಓಡಿ ಕಾನ್ ಸೇರುತ್ತಾರೆ. ಜಗತ್ತಿನ ರಮ್ಯವಾದ ಓಟದ ದಾರಿಗಳಲ್ಲಿ ಇದೂ ಒಂದೆಂದು ಓಡಿದವರು ಹೇಳುತ್ತಾರೆ.

ನಾನು ಅಲ್ಲಿ ಓಡಿದವನಲ್ಲ. ಭೂಪಟದ ಮೇಲೆ ಬೆರಳನ್ನು ಓಡಿಸಿದವನು; ಬೆರಳಿಗೆ ಉಬ್ಬಸ ಬರುವುದಿಲ್ಲವೆಂಬ ಅನುಕೂಲವೊಂದು ಇದರಲ್ಲುಂಟು. ಆದರೆ ಹಾಗೆ ಓಡಿಸುತ್ತಿರುವಾಗ ನನಗೆ ದೃಶ್ಯದ ಸೊಬಗಿಗಿಂತ ಬೇರೊಂದು ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಅಷ್ಟೊಂದು ಬೆಲೆಬಾಳುವ ನೆಲ, ಅಷ್ಟೊಂದು ಶ್ರೀಮಂತರ ಬಂಗಲೆಗಳು, ಹೋಟೆಲುಗಳು, ಖಾಸಗಿ ಬಂದರುಗಳು ಒತ್ತೊತ್ತಾಗಿ ನಿಂತಿರುವ ಕಡಲಂಚಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಸಾಮಾನ್ಯನೊಬ್ಬ ಓಡುವುದಕ್ಕೆ ಜಾಗ ಉಳಿದದ್ದಾದರೂ ಹೇಗೆ? ಅದು ತಾನಾಗಿ ಉಳಿಯಲಿಲ್ಲ. ಉಳಿಸಿದ್ದರಿಂದ ಉಳಿಯಿತು, ಉಳಿಸದೆ ಇದ್ದ ಕಡೆ ಹೋಯಿತು ಎಂಬುದೇ ಈ ಲೇಖನದ ವಾದ. ನೋಡತಕ್ಕ ಸ್ಥಳಗಳ ವರ್ಣನೆ ಪ್ರವಾಸದ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆ ದಾರಿಯ ಹಕ್ಕುಪತ್ರ ಎಲ್ಲಿದೆ ಎಂದು ಕೇಳುವವರು ಕಡಮೆ.

ಮೊದಲು ದಾರಿಯನ್ನೇ ನೋಡೋಣ. ಓಟ ಹೊರಡುವುದು ನೀಸಿನ ‘ಪ್ರೊಮೆನಾದ್ ದೆಜಾಂಗ್ಲೆ’ ಎಂಬ ಬೀದಿಯಿಂದ. ಎಂದರೆ ಇಂಗ್ಲೀಷರ ವಿಹಾರಬೀದಿ. ಸುಮಾರು ಏಳು ಕಿಲೋಮೀಟರ್ ಉದ್ದದ ಈ ಬೀದಿ ‘ದೇವದೂತರ ಕೊಲ್ಲಿ’ಯ ಬಿಲ್ಲಿನಂತಹ ಬಾಗನ್ನೇ ಅನುಸರಿಸಿ ಹೋಗುತ್ತದೆ. ಕೆಳಗಿನ ದಂಡೆ ಮರಳಿನದಲ್ಲ, ನುಣುಪಾದ ಉರುಟುಕಲ್ಲುಗಳದು. ಬೆನ್ನ ಹಿಂದೆ ಆಲ್ಪ್ಸ್ ಪರ್ವತದ ಕೊನೆಯ ಕೋಡುಗಳು ಬಹುಮಟ್ಟಿಗೆ ನೇರವಾಗಿಯೇ ಕಡಲಿಗೆ ಇಳಿದಿವೆ. ಮಳೆ ಬಿದ್ದು ತಿಳಿಯಾದ ಮುಂಜಾವಿನಲ್ಲಿ ನೀರಿನ ಬದಿಯಲ್ಲಿ ನಿಂತೇ ಹಿಮದ ಶಿಖರಗಳನ್ನು ನೋಡಬಹುದು. ಬೀದಿ ಮುಗಿಯುವಲ್ಲಿ ಸಮುದ್ರವನ್ನು ತುಂಬಿಸಿ ಮಾಡಿದ ವಿಮಾನ ನಿಲ್ದಾಣ, ಅದರಾಚೆ ವಾರ್ ನದಿಯ ಸೇತುವೆ. ೧೮೬೦ರವರೆಗೆ ಇಲ್ಲಿ ಈ ನದಿಯೇ ರಾಜ್ಯದ ಗಡಿಯಾಗಿತ್ತು; ಈಚೆ ಸಾರ್ಡೀನಿಯದ ಅರಸರ ಸೀಮೆ, ಆಚೆ ಫ್ರಾನ್ಸ್. ಅಂದು ರಹದಾರಿ ತೋರಿಸಿ ದಾಟಬೇಕಾದ ಹೊಳೆಯನ್ನು ಇಂದು ಎದೆಯ ಮೇಲೊಂದು ಸಂಖ್ಯೆಯ ಚೀಟಿ ಅಂಟಿಸಿಕೊಂಡವನು ಲೆಕ್ಕಿಸದೆ ದಾಟುತ್ತಾನೆ.

ಅಲ್ಲಿಂದ ಮುಂದೆ ಚಿತ್ರಕಾರ ರೆನ್ವಾರ್ ತನ್ನ ಕೊನೆಯ ವರ್ಷಗಳನ್ನು ಕಳೆದ ಕಾನ್ಯ ಎಂಬ ಊರು. ೧೮೬೪ರಲ್ಲಿ ನೀಸ್ ಮುಟ್ಟಿದ ರೈಲುದಾರಿ ಕಡಲಿಗೆ ಅಂಟಿಕೊಂಡು ಹೋಗುವ ಉದ್ದನೆಯ ದಂಡೆ. ಗ್ರೀಕರು ಅಂತಿಪೋಲಿಸ್ ಎಂದು ಕರೆದು ನೆಲೆಸಿದ್ದ ಅಂತೀಬ್ ಪಟ್ಟಣ, ಅದರ ಹಳೆಯ ಕೋಟೆ. ೧೯೪೬ರಲ್ಲಿ ಪಿಕಾಸೊ ಚಿತ್ರ ಬರೆದದ್ದು ಈ ಊರಿನ ಕಡಲಿನೆದುರಿನ ಹಳೆಯ ಅರಮನೆಯಲ್ಲಿಯೇ. ಅರ್ಧದಾರಿ ಮುಗಿದು ಕಾಲು ಸೋಲುತ್ತ ಬಂದ ಹೊತ್ತಿಗೆ ಸರಿಯಾಗಿ ಅಂತೀಬ್ ಭೂಶಿರದ ಏರಿಳಿತಗಳು ಎದುರಾಗುತ್ತವಂತೆ. ಆಮೇಲೆ ಗಾಲ್ಫ್-ಜ್ವಾಂ, ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ ೧೮೧೫ರ ಮಾರ್ಚ್ ೧ರಂದು ಬಂದಿಳಿದ ದಂಡೆ ಇದು. ಅವನು ಇಲ್ಲಿಂದ ಪ್ಯಾರಿಸ್ ಕಡೆಗೆ ಹೊರಟ. ನಮ್ಮ ಓಟಗಾರ ಕಾನ್ ಕಡೆಗೆ ಹೋಗಿ ನೆಮ್ಮದಿಯಾಗಿ ಕುಳಿತುಕೊಳ್ಳುತ್ತಾನೆ.

ರಸ್ತೆಯೂ ರೈಲೂ ನೀರಿಗೆ ಇಷ್ಟು ಹತ್ತಿರ ಇರುವುದಕ್ಕೆ ಒಂದು ಪ್ರಾಕೃತಿಕ ಕಾರಣವುಂಟು. ಮೆಡಿಟರೇನಿಯನ್ ಸಮುದ್ರ ಸುಮಾರಾಗಿ ನಾಲ್ಕೂ ಕಡೆ ಮುಚ್ಚಿದ ಸಮುದ್ರ. ಅಟ್ಲಾಂಟಿಕ್ ಸಾಗರದ ಕಡೆಗೆ ಅದಕ್ಕಿರುವ ಬಾಗಿಲೆಂದರೆ ಜಿಬ್ರಾಲ್ಟರ್ ಜಲಸಂಧಿ. ಅದರ ಅತಿ ಕಿರಿದಾದ ಭಾಗದ ಅಗಲ ಸುಮಾರು ೧೪ ಕಿಲೋಮೀಟರ್. ಆದುದರಿಂದ ಇಲ್ಲಿ ಭರತ ಇಳಿತ ಎಂಬುದು ಬಹಳ ಅಲ್ಪ, ಹೆಚ್ಚೆಂದರೆ ಗೇಣು ಎರಡು ಗೇಣಿನ ಮಾತು. ಬಿರುಗಾಳಿಯ ದಿನಗಳನ್ನು ಬಿಟ್ಟರೆ ನೀರು ತನ್ನ ಗೆರೆಯನ್ನು ದಾಟಿ ಬರುವುದಿಲ್ಲ. ಅನುಕೂಲವೇನೋ ನಿಜ, ಆದರೆ ನೀರು ಹಿಂದೆ ಸರಿಯುವುದೂ ಇಲ್ಲವಷ್ಟೆ. ನಮ್ಮ ಕರಾವಳಿಯಲ್ಲಿ ಇಳಿತದ ಹೊತ್ತಿಗೆ ಒದ್ದೆಮರಳಿನ ಅಗಲವಾದ ಮೈದಾನವೇ ತೆರೆದುಕೊಳ್ಳುತ್ತದೆ. ಅಲ್ಲಿ ಅದಿಲ್ಲ. ಒಬ್ಬ ಶ್ರೀಮಂತನು ನೀರಿನವರೆಗೂ ಗೋಡೆ ಕಟ್ಟಿದನೆಂದರೆ ನಡೆಯುವವನಿಗೆ ಬೇರೆ ದಾರಿಯೇ ಉಳಿಯುವುದಿಲ್ಲ.

ಈ ಅಪಾಯವನ್ನು ಬಹಳ ಹಿಂದೆಯೇ ಕಂಡವರು ರೋಮನರು. ಕ್ರಿ.ಶ. ೫೩೩ರಲ್ಲಿ ಜಸ್ಟೀನಿಯನ್ ಚಕ್ರವರ್ತಿ ಪ್ರಕಟಪಡಿಸಿದ ನ್ಯಾಯಗ್ರಂಥದಲ್ಲಿ ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರದ ದಂಡೆ ಇವು ಸಹಜನ್ಯಾಯದ ಪ್ರಕಾರ ಸರ್ವರಿಗೂ ಸೇರಿದವು ಎಂಬ ಭಾವದ ವಿಧಿಯಿದೆ. ದಂಡೆ ಎಲ್ಲಿಗೆ ಮುಗಿಯುತ್ತದೆ? ಚಳಿಗಾಲದ ಅತಿ ದೊಡ್ಡ ಅಲೆ ಬಂದು ಮುಟ್ಟುವಲ್ಲಿಗೆ ಎಂದು ಅವರ ಅಳತೆ. ಭರತವಿಲ್ಲದ ಸಮುದ್ರಕ್ಕೆ ಅಲೆಯೇ ಅಳತೆಗೋಲು! ಮುಂದೆ ೧೬೮೧ರಲ್ಲಿ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರನ ಕಾಲದ ನೌಕಾಶಾಸನವು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸಮುದ್ರ ಮುಚ್ಚಿ ತೆರೆಯುವ ನೆಲವನ್ನು, ಮಾರ್ಚ್ ತಿಂಗಳ ಮಹಾಭರತ ಮುಟ್ಟುವವರೆಗೂ, ದಂಡೆಯೆಂದು ಕರೆಯಿತು. ಅದು ಅಟ್ಲಾಂಟಿಕ್ ತೀರವನ್ನು ನೋಡಿ ಬರೆದ ಮಾತು. ಮೆಡಿಟರೇನಿಯನ್ ತೀರಕ್ಕೆ ಇದನ್ನು ಹೊಂದಿಸುವ ಜಗಳ ಎಷ್ಟು ಕಾಲ ನಡೆಯಿತೆಂದರೆ, ೧೯೭೩ರಲ್ಲಿ ಫ್ರಾನ್ಸಿನ ಪರಮೋಚ್ಚ ಆಡಳಿತ ನ್ಯಾಯಸ್ಥಾನವು, ಅಸಾಧಾರಣ ಬಿರುಗಾಳಿಗಳನ್ನು ಬಿಟ್ಟು ಅಲೆಗಳು ಏರಬಹುದಾದ ಅತಿ ಎತ್ತರದ ಗೆರೆಯೇ ಎರಡು ಸಮುದ್ರಗಳಲ್ಲಿಯೂ ಸಾರ್ವಜನಿಕ ಭೂಮಿಯ ಎಲ್ಲೆ ಎಂದು ತೀರ್ಪು ಕೊಡಬೇಕಾಯಿತು. ಇತಿಹಾಸ ಓದುವ ನಮ್ಮಂಥವರಿಗೆ ರೋಮಿನ ಯುದ್ಧಗಳ ತಾರೀಖುಗಳು ಬಾಯಿಪಾಠವಾಗಿರುತ್ತವೆ. ಹದಿನೈದು ಶತಮಾನ ಬಾಳಿದ ಈ ಒಂದು ವಿಧಿಯ ಮೇಲೆ ಪರೀಕ್ಷೆಯಲ್ಲಿ ಯಾರೂ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ.

ವಿಧಿ ಇದ್ದ ಮಾತ್ರಕ್ಕೆ ದಾರಿ ಆಗುವುದಿಲ್ಲ. ಯಾರಾದರೂ ಕಲ್ಲು ಹೊರಬೇಕು. ಓಟ ಹೊರಡುವ ಆ ಇಂಗ್ಲೀಷರ ಬೀದಿಯ ಕತೆ ಹೀಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚಳಿಗಾಲ ಕಳೆಯಲು ನೀಸಿಗೆ ಬರುತ್ತಿದ್ದ ಇಂಗ್ಲೀಷ್ ಧನಿಕರಿಗೆ ಕಡಲಂಚಿನಲ್ಲಿ ತಿರುಗಾಡಲು ಸರಿಯಾದ ದಾರಿಯಿರಲಿಲ್ಲ. ೧೮೨೦ರ ದಶಕದ ಆದಿಯಲ್ಲಿ ಒಂದು ಚಳಿಗಾಲ ಕಿತ್ತಳೆ ಬೆಳೆ ಹಿಮಕ್ಕೆ ಸಿಕ್ಕಿ ಹಾಳಾಯಿತು. ಕೆಲಸವಿಲ್ಲದ ಬಡವರು ಬೀದಿಬೀದಿಯಲ್ಲಿ ಕೈಯೊಡ್ಡುವಂತಾಯಿತು. ಆಗ ಲೂಯಿಸ್ ವೇ ಎಂಬ ಪಾದ್ರಿ ತನ್ನ ದೇಶದವರಿಂದ ಚಂದಾ ಎತ್ತಿ, ಆ ಜನರಿಗೆ ಕೂಲಿ ಕೊಟ್ಟು, ಕಡಲ ಬದಿಯಲ್ಲಿ ಎರಡು ಮೀಟರ್ ಅಗಲದ ಒಂದು ಕಾಲುದಾರಿ ಮಾಡಿಸಿದನು. ಬರಗಾಲದ ಕಾಮಗಾರಿ ಎಂದು ನಾವು ಕರೆಯುವುದಿಲ್ಲವೇ, ಅದೇ. ಬೀದಿಗೆ ಹೆಸರು ಬಂದದ್ದು ಚಂದಾ ಕೊಟ್ಟವರದು, ಕಲ್ಲು ಹೊತ್ತವರದಲ್ಲ. ಇರಲಿ, ಹೆಸರಿನ ವಿಷಯದಲ್ಲಿ ಎಲ್ಲ ದೇಶಗಳ ರೂಢಿಯೂ ಒಂದೇ. ಮುಖ್ಯವಾದುದು, ಆ ಎರಡು ಮೀಟರಿನ ದಾರಿ ಯಾರ ಹಿತ್ತಲಿಗೂ ಸೇರದೆ ಊರಿಗೆ ಸೇರಿತು. ಮುಂದೆ ಅಗಲವಾಗುತ್ತ ಹೋಯಿತು. ೨೦೧೬ರ ಜುಲೈ ೧೪ರ ರಾತ್ರಿ ಇದೇ ಬೀದಿಯಲ್ಲಿ ಹಬ್ಬದ ಜನಸಂದಣಿಯ ಮೇಲೆ ಒಬ್ಬನು ಲಾರಿ ಹಾಯಿಸಿ ೮೬ ಜನರನ್ನು ಕೊಂದನು. ಆ ಮೇಲೂ ಜನ ಅಲ್ಲಿ ನಡೆಯುವುದನ್ನು ಬಿಡಲಿಲ್ಲ.

ನೀಸಿನ ಆಚೆಗೆ, ಬಂಡೆಗಳೂ ಬಂಗಲೆಗಳೂ ಇರುವ ಭೂಶಿರಗಳಲ್ಲಿ ದಾರಿಯನ್ನು ತುಳಿದವರು ಬೇರೆ. ಅವರು ಸುಂಕದ ಕಾವಲುಗಾರರು. ಕಳ್ಳಸಾಗಣೆಯ ದೋಣಿಗಳನ್ನು ಕಾಯಲು ರಾತ್ರಿ ಹಗಲು ಗಸ್ತು ತಿರುಗುತ್ತ ಅವರು ಮಾಡಿದ ಸವಕಲು ದಾರಿಯನ್ನು ಇಂದಿಗೂ ಅಲ್ಲಿ ಸುಂಕದವರ ಕಾಲುದಾರಿ ಎಂದೇ ಕರೆಯುವುದುಂಟು. ಗಸ್ತು ನಿಂತ ಮೇಲೆ ದಾರಿಯ ಮೇಲೆ ಬೇಲಿಗಳು ಎದ್ದವು, ಹೂದೋಟಗಳು ಎದ್ದವು. ಕೊನೆಗೆ ೧೯೭೬ರ ಡಿಸೆಂಬರ್ ೩೧ರ ಕಾಯಿದೆಯೊಂದು, ಕಡಲಿಗೆ ಹತ್ತಿದ ಖಾಸಗಿ ಜಮೀನುಗಳ ಅಂಚಿನಲ್ಲಿ ಮೂರು ಮೀಟರ್ ಅಗಲದ ಪಟ್ಟಿ ನಡೆಯುವವರಿಗೆ ಬಿಡತಕ್ಕದ್ದು ಎಂದು ವಿಧಿಸಿತು. ಜಮೀನು ಒಡೆಯನದೇ, ಅದರ ಮೇಲೆ ನಡೆಯುವ ಹಕ್ಕು ಮಾತ್ರ ಊರವರದು. ನಮ್ಮ ಹಳ್ಳಿಗಳಲ್ಲಿ ಒಬ್ಬರ ಹೊಲದ ಬದುವಿನ ಮೇಲೆ ಇನ್ನೊಬ್ಬರು ನಡೆದು ಹೋಗುವ ಕಾಲುದಾರಿಯ ಹಕ್ಕು ಇರುವುದಿಲ್ಲವೇ, ಅದರಂತೆ. ಅಂತೀಬ್ ಭೂಶಿರದಲ್ಲಿ, ಕೋಟ್ಯಧೀಶರ ತೋಟಗಳ ಗೋಡೆಗೂ ಬಿಳಿಯ ಬಂಡೆಗಳಿಗೂ ನಡುವೆ ಇಂತಹ ದಾರಿಯೊಂದು ಸಾಗುತ್ತದೆ. ಗಾಳಿ ಜೋರಾದ ದಿನ ಅದನ್ನು ಮುಚ್ಚುತ್ತಾರೆ. ಅಲೆ ಮೇಲಕ್ಕೆ ಬರುತ್ತದೆ. ಹಾಗೆ ಮುಚ್ಚುವುದು ನೀರಿನ ಭಯಕ್ಕೆ, ಯಜಮಾನನ ಭಯಕ್ಕಲ್ಲ.

ಈ ಕಾಯಿದೆಯೇನೂ ಪೂರ್ಣವಲ್ಲ. ಹಳೆಯ ಮನೆಗಳಿಗೂ ಅವುಗಳ ಸುತ್ತು ಗೋಡೆಗಳಿಗೂ ವಿನಾಯಿತಿಗಳಿವೆ. ದಾರಿ ಅಲ್ಲಲ್ಲಿ ತುಂಡಾಗಿದೆ. ವಕೀಲರಿಗೆ ಫೀಸು ಕೊಡಬಲ್ಲವನು ವರ್ಷಗಟ್ಟಲೆ ತಡೆಯಬಲ್ಲ.

ಕಾಯಿದೆ ತಡವಾಗಿ ಬಂದರೆ ಏನಾಗುತ್ತದೆಂಬುದಕ್ಕೂ ಓಟದ ದಾರಿಯಲ್ಲಿಯೇ ಸಾಕ್ಷಿ ನಿಂತಿದೆ. ವಿಲ್ನವ್-ಲೂಬೆ ಎಂಬಲ್ಲಿ ದೇವದೂತರ ಕೊಲ್ಲಿಯ ಹೆಸರನ್ನೇ ಹೊತ್ತ, ಅಲೆಯ ಆಕಾರದ ನಾಲ್ಕು ಬೃಹತ್ ವಸತಿ ಕಟ್ಟಡಗಳಿವೆ. ೧೯೬೦ರ ದಶಕದ ಕೊನೆಯಲ್ಲಿ ಶುರುವಾದ ಕಟ್ಟಾಣಿಕೆ ೧೯೯೩ರವರೆಗೂ ಸಾಗಿತು. ಮೈಲಿಗಳ ದೂರದಿಂದಲೂ ಕಣ್ಣಿಗೆ ಹೊಡೆಯುವ ಈ ಗುಡ್ಡಗಳನ್ನು ನೋಡಿ ಫ್ರಾನ್ಸಿನ ಜನರಲ್ಲಿಯೇ ಬಹುಮಂದಿ ಕಡಲಿಗೆ ಕಾಂಕ್ರೀಟಿನ ಗೋಡೆ ಕಟ್ಟಿದರೆಂದು ಹಲುಬಿದರು. ಕರಾವಳಿಯ ಅಂಥ ಕಟ್ಟಾಣಿಕೆಗಳ ವಿರುದ್ಧ ಎದ್ದ ಅಸಮಾಧಾನವೇ ೧೯೮೬ರ ಜನವರಿ ೩ರ ಕರಾವಳಿ ಕಾಯಿದೆಗೆ ದಾರಿಯಾಯಿತು. ಊರುಗಳ ಹೊರಗೆ ದಂಡೆಯಿಂದ ೧೦೦ ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಕಡಲದಂಡೆಗಳು ಮುಖ್ಯವಾಗಿ ಜನರ ಸ್ವತಂತ್ರವಾದ, ಶುಲ್ಕವಿಲ್ಲದ ಉಪಯೋಗಕ್ಕೆ ಇರತಕ್ಕವು ಎಂದು ಅದು ಸಾರಿತು. ವಿನೋದವೆಂದರೆ, ಅದೇ ಕಾಂಕ್ರೀಟ್ ಗುಡ್ಡಗಳಿಗೆ ೨೦೦೧ರಲ್ಲಿ ಸರಕಾರವೇ ಇಪ್ಪತ್ತನೆಯ ಶತಮಾನದ ವಾಸ್ತುಪರಂಪರೆ ಎಂಬ ಬಿರುದು ಕೊಟ್ಟಿತು. ಕಟ್ಟಡದಲ್ಲಿ ಕಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಕಲೆ ಎಷ್ಟೇ ಇರಲಿ, ಅದು ನಿಂತ ಜಾಗದ ಪ್ರಶ್ನೆ ಬೇರೆ.

ದಂಡೆಯನ್ನು ಗುತ್ತಿಗೆ ಹಿಡಿದು ಕುರ್ಚಿ, ಕೊಡೆ, ಊಟ ಒದಗಿಸುವ ವ್ಯಾಪಾರ ಆ ತೀರದಲ್ಲಿ ಬಹಳ. ೨೦೦೬ರಲ್ಲಿ ಹೊರಟ ಆಜ್ಞೆಯೊಂದು ಸ್ವಾಭಾವಿಕ ದಂಡೆಯಾದರೆ ನೂರಕ್ಕೆ ಎಂಬತ್ತು ಪಾಲು, ಮರಳು ತಂದು ಸುರಿದ ಕೃತಕ ದಂಡೆಯಾದರೆ ಅರ್ಧಪಾಲು ತೆರವಾಗಿರಬೇಕೆಂದು ಗೊತ್ತುಮಾಡಿತು. ಗುತ್ತಿಗೆದಾರರಿಗೆ ಇದು ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ೨೦೧೫ರ ಜುಲೈಯಲ್ಲಿ. ಗಾಲ್ಫ್-ಜ್ವಾಂ ಹತ್ತಿರ ಓಟದ ದಾರಿಯ ಮಗ್ಗುಲಲ್ಲೇ ಸೌದಿ ಅರೇಬಿಯದ ರಾಜಮನೆತನದ ಬಂಗಲೆಯೊಂದಿದೆ. ಅದರ ಕೆಳಗೆ ಮಿರಾಂದೋಲ್ ಎಂಬ ಚಿಕ್ಕ ಸಾರ್ವಜನಿಕ ದಂಡೆ. ದೊರೆ ಸಲ್ಮಾನ್ ಅಲ್ಲಿ ರಜಾ ಕಳೆಯಲು ಬಂದಾಗ, ಅವರ ರಕ್ಷಣೆಯ ನಿಮಿತ್ತ ದಂಡೆಯನ್ನು ಜನರಿಗೆ ಮುಚ್ಚಲಾಯಿತು. ಬಂಗಲೆಯಿಂದ ನೀರಿಗಿಳಿಯಲು ಎತ್ತುಯಂತ್ರವನ್ನು ಕೂಡಿಸಬೇಕೆಂದು ಮರಳಿನ ಮೇಲೆಯೇ ಕಾಂಕ್ರೀಟ್ ಹಾಸಿದರು. ಊರವರು ಕೆರಳಿದರು, ಊರಿನ ಮೇಯರೇ ಆಕ್ಷೇಪಿಸಿದರು, ಪ್ರತಿಭಟನೆಯ ಮನವಿಗೆ ಒಂದು ಲಕ್ಷಕ್ಕೂ ಮಿಕ್ಕಿ ಜನ ರುಜು ಹಾಕಿದರು. ಎಷ್ಟೋ ದಿನ ಇರುವುದೆಂದು ಬಂದಿದ್ದ ದೊರೆ ಒಂದು ವಾರ ಕಳೆಯುತ್ತಲೆ ಮೊರಾಕೊ ದೇಶಕ್ಕೆ ಹೊರಟುಹೋದರು. ದಂಡೆ ಮತ್ತೆ ತೆರೆಯಿತು. ಪುಟ್ಟ ದಂಡೆ, ಮೂರು ಮಾರು ಮರಳು, ಅದಕ್ಕೆ ಇಷ್ಟು ರಂಪವೇ ಎಂದು ಕೇಳಬಹುದು. ನನಗೆ ಆ ರಂಪದಲ್ಲಿಯೇ ಆ ಜನರ ದೊಡ್ಡತನ ಕಾಣುತ್ತದೆ. ಮುಚ್ಚಿದ್ದು ಒಬ್ಬ ಅರಸನಿಗಾಗಿ ಎಂದು ಅವರು ಸುಮ್ಮನಾಗಲಿಲ್ಲ.

ಈ ವಿಷಯವನ್ನು ಹಾಸ್ಟೆಲಿನಲ್ಲಿ ಮಾತಾಡುತ್ತಿದ್ದಾಗ ಅರ್ಥಶಾಸ್ತ್ರ ಓದುವ ಮಿತ್ರರೊಬ್ಬರು ಎರಡು ಆಕ್ಷೇಪಣೆಗಳನ್ನು ಎತ್ತಿದರು. ಒಂದು: “ಅಯ್ಯಾ, ದುಡ್ಡು ಕೊಟ್ಟು ಹೆಸರು ನೋಂದಾಯಿಸಿ, ವಿಮಾನದಲ್ಲಿ ಹೋಗಿ ಓಡುವವರ ಓಟ ಇದು, ಇದರಲ್ಲಿ ಬಡವನ ಹಕ್ಕಿನ ಮಾತೆಲ್ಲಿ ಬಂತು?” ಎರಡು: “ಜನರನ್ನು ಬಿಟ್ಟ ಕಡೆ ಕಸ ಬೀಳುತ್ತದೆ, ಒಡೆಯನಿದ್ದರೆ ಗುಡಿಸುತ್ತಾನೆ.” ಮೊದಲನೆಯದರಲ್ಲಿ ಸತ್ಯಾಂಶವಿದೆ. ಪಂದ್ಯದ ಶುಲ್ಕ ದುಬಾರಿಯೇ ಸರಿ. ಆದರೆ ಪಂದ್ಯ ವರ್ಷಕ್ಕೊಂದು ದಿನ, ರಸ್ತೆಯಲ್ಲಿ ಮೋಟಾರುಗಳನ್ನು ತಡೆದು ಪುರಸಭೆಗಳು ಕೊಡುವ ಅನುಮತಿ. ನಾನು ಹೇಳುವುದು ಉಳಿದ ದಿನಗಳ ಮಾತು. ಸೋಮವಾರ ಬೆಳಿಗ್ಗೆ ಅದೇ ನೀಸಿನಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಹುಡುಗನು ಕೆಲಸಕ್ಕೆ ಮೊದಲು ಕಡಲಂಚಿನಲ್ಲಿ ಎರಡು ಮೈಲಿ ಓಡಿ ಬರಬೇಕೆಂದರೆ ಅವನು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಎರಡನೆಯದಕ್ಕೆ ನನ್ನ ಉತ್ತರ: ಒಡೆಯನು ತನ್ನ ಅಂಗಳವನ್ನು ಗುಡಿಸಿ ಕಸವನ್ನು ಎಲ್ಲಿ ಹಾಕುತ್ತಾನೆಂಬುದನ್ನೂ ನೋಡಬೇಕು. ಕಸಕ್ಕೆ ಜಾಡಮಾಲಿಯನ್ನು ನೇಮಿಸಬಹುದು, ಗೋಡೆಗೆ ಮದ್ದಿಲ್ಲ.

ಹೋದದ್ದು ಮರಳಿ ಬಂದ ಒಂದು ನಿದರ್ಶನವನ್ನೂ ಹೇಳಿಬಿಡುತ್ತೇನೆ. ನೀಸಿನಿಂದ ಪೂರ್ವಕ್ಕೆ, ಗಡಿ ದಾಟಿದರೆ ಇಟಲಿಯ ಲಿಗೂರಿಯ ಪ್ರಾಂತ. ಅಲ್ಲಿ ೧೮೭೨ರಲ್ಲಿ ಹಾಕಿದ ರೈಲುದಾರಿ ಕಡಲಂಚಿನ ಅತ್ಯುತ್ತಮವಾದ ಜಾಗವನ್ನೆಲ್ಲ ತಾನೇ ಹಿಡಿದಿತ್ತು; ಊರಿಗೂ ನೀರಿಗೂ ನಡುವೆ ಕಬ್ಬಿಣದ ಕಂಬಿ. ೨೦೦೧ರಲ್ಲಿ ಸ್ಯಾನ್ ಲೊರೆಂಜೊ ಎಂಬ ಊರಿನಿಂದ ಓಸ್ಪೆದಲೆತ್ತಿಯವರೆಗಿನ ಭಾಗವನ್ನು ಒಳನಾಡಿನ ಸುರಂಗಗಳಿಗೆ ಸರಿಸಿದರು. ಬಿಟ್ಟ ದಾರಿಯ ಕಂಬಿಗಳನ್ನು ಕಿತ್ತು ಸುಮಾರು ೨೪ ಕಿಲೋಮೀಟರ್ ಉದ್ದದ ಸೈಕಲ್ ದಾರಿ, ಕಾಲುದಾರಿ ಮಾಡಿದರು. ಹಳೆಯ ರೈಲುಸುರಂಗಗಳೊಳಗೆ ಈಗ ಓಡುವವರೂ ಮಕ್ಕಳ ಸೈಕಲುಗಳೂ ಹಾಯುತ್ತವೆ. ೨೦೧೫ರಲ್ಲಿ ಇಟಲಿಯ ಪ್ರಸಿದ್ಧ ಸೈಕಲ್ ಪಂದ್ಯವಾದ ಜೀರೊ ಇದೇ ದಾರಿಯಲ್ಲಿ ಪ್ರಾರಂಭವಾಯಿತು. ನಷ್ಟವೇ ಇಲ್ಲವೆಂದಲ್ಲ. ಕಿಟಕಿಯ ಪಕ್ಕ ಕುಳಿತು ಗಂಟೆಗಟ್ಟಲೆ ಕಡಲು ನೋಡುತ್ತ ಹೋಗುತ್ತಿದ್ದ ರೈಲು ಪ್ರಯಾಣಿಕನಿಗೆ ಈಗ ಅಲ್ಲಿ ಸಿಗುವುದು ಸುರಂಗದ ಕತ್ತಲೆ. ನಡೆಯಲಾರದ ಮುದುಕರನ್ನು ನೆನೆದರೆ ನನಗೆ ಸ್ವಲ್ಪ ಕೆಡುಕೆನಿಸುತ್ತದೆ. ಆದರೂ ಎರಡನ್ನೂ ತೂಗಿದರೆ ನಾನು ಕಾಲುದಾರಿಯ ಪಕ್ಷ.

ಇಷ್ಟು ದೂರದ ಮಾತು ನಮಗೇಕೆ ಎಂದರೆ, ರೋಮನರ ಆ ಹಳೆಯ ವಿಧಿ ಈಗ ನಮ್ಮ ದೇಶದ ನ್ಯಾಯದಲ್ಲಿಯೂ ಸೇರಿದೆ. ೧೯೯೬ರ ಡಿಸೆಂಬರಿನಲ್ಲಿ, ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡದ ವಸತಿಗೃಹವೊಂದರ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಮರಿಸಿ, ನದಿ, ದಂಡೆ, ಕಾಡುಗಳಂಥವಕ್ಕೆ ಸರಕಾರ ಜನರ ಪರವಾಗಿ ಧರ್ಮದರ್ಶಿಯೇ ಹೊರತು ಮಾರಾಟ ಮಾಡತಕ್ಕ ಒಡೆಯನಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲೇ ೧೯೯೧ರ ಕರಾವಳಿ ನಿಯಂತ್ರಣ ಅಧಿಸೂಚನೆ ಬಂದಿತ್ತು. ಕಡಲ ಬದಿಯ ಎರಡು ಹೋಟೆಲುಗಳ ನಡುವೆ, ಜನ ದಂಡೆಗೆ ಹೋಗಿಬರಲು, ಕನಿಷ್ಠ ೨೦ ಮೀಟರ್ ಅಗಲದ ಸಂದು ಬಿಡಬೇಕೆಂದು ಅದರಲ್ಲಿ ಹೇಳಿದೆ.

ಈ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ನಮ್ಮ ೨೦ ಮೀಟರ್ ಊರಿನಿಂದ ಕಡಲಿಗೆ ಅಡ್ಡಲಾಗಿ ಇಳಿಯುವ ದಾರಿ. ಅವರ ಮೂರು ಮೀಟರ್ ಕಡಲಿನ ಉದ್ದಕ್ಕೂ ಸಾಗುವ ದಾರಿ. ಒಂದರಲ್ಲಿ ಹೋಗಿ ನೀರು ನೋಡಿ ಹಿಂದಿರುಗಬಹುದು. ಇನ್ನೊಂದರಲ್ಲಿ ಊರಿಂದೂರಿಗೆ ಓಡಬಹುದು. ನಮಗೆ ಉದ್ದದ ಹಕ್ಕನ್ನು ಕೊಟ್ಟಿದ್ದು ಕಾಯಿದೆಯ ಮಾತಿಗಿಂತ ಹೆಚ್ಚಾಗಿ ಕಟ್ಟಡವಿಲ್ಲದೆ ಉಳಿದ ಬಯಲು. ಆ ಬಯಲೂ ಕಿರಿದಾಗುತ್ತ ಬಂದಿದೆ. ಭರತದ ಗೆರೆಯಿಂದ ಹಳ್ಳಿಗಾಡಿನಲ್ಲಿ ೨೦೦ ಮೀಟರ್ ಇದ್ದ ನಿಷೇಧದ ಪಟ್ಟಿಯನ್ನು ೨೦೧೯ರ ಅಧಿಸೂಚನೆ ಜನದಟ್ಟಣೆಯ ಕಡೆಗಳಲ್ಲಿ ೫೦ ಮೀಟರಿಗೆ ಇಳಿಸಿತು. ಮಾಜಾಳಿಯಿಂದ ತಲಪಾಡಿಯವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕಡಲಂಚು ನಮ್ಮ ರಾಜ್ಯಕ್ಕಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಅದಕ್ಕಿಂತ ರಮ್ಯವಾದ ಓಟದ ದಾರಿಯನ್ನು ಫ್ರಾನ್ಸ್ ತೋರಿಸಲಿ ನೋಡೋಣ. ಗೋಕರ್ಣದಲ್ಲಿ ಒಂದು ದಂಡೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯುವ ಕಾಲುದಾರಿಗಳಿವೆ. ಮೀನುಗಾರರು ಬಲೆ ಹರಡುವ, ದೋಣಿ ಎಳೆಯುವ ರೂಢಿಯ ಜಾಗಗಳಿವೆ. ಆ ಜನರ ಹಕ್ಕು ಓಡುವವನ ಹಕ್ಕಿಗಿಂತ ಹಿರಿದು, ಅದನ್ನು ಮುಟ್ಟತಕ್ಕದ್ದಲ್ಲ. ಈ ದಾರಿಗಳೆಲ್ಲ ಯಾವ ಸರ್ವೆ ನಕ್ಷೆಯಲ್ಲಿ, ಯಾವ ಅಗಲಕ್ಕೆ, ಯಾರ ಹೆಸರಿನಲ್ಲಿ ಬರೆದಿವೆ ಎಂಬುದನ್ನು ಕರಾವಳಿಯ ಮೂರು ಜಿಲ್ಲೆಗಳ ಕಾಲೇಜು ವಿದ್ಯಾರ್ಥಿಗಳು ಒಂದೊಂದು ತಾಲ್ಲೂಕನ್ನು ಹಂಚಿಕೊಂಡು, ನಡೆದು, ಅಳೆದು ಬರೆಯಬಹುದು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ ವಿಭಾಗಗಳ ಅಧ್ಯಾಪಕರು ಮನಸ್ಸು ಮಾಡಿದರೆ ಬರುವ ಬೇಸಗೆಯ ರಜದಲ್ಲಿಯೇ ಈ ಕೆಲಸಕ್ಕೆ ಕೈಹಾಕಬಹುದು. ಬೇಕಾಗುವುದು ಒಂದು ಅಳತೆಯ ಟೇಪು, ಕಂದಾಯ ಕಚೇರಿಯ ನಕ್ಷೆಯ ಪ್ರತಿ, ಮತ್ತು ಸವೆಯದ ಒಂದು ಜೊತೆ ಚಪ್ಪಲಿ.